ಅವ್ವನ ವಯಸ್ಸು ಎಷ್ಟು ಅಂತ ಬರೆಯಲಿ?

ಎರೆಹೊಲ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ಊರು ಕೊಪ್ಪಳ ತಾಲೂಕು, ಅಳವಂಡಿ ಕಡೆ. ನಮ್ಮ ಅವ್ವ 2025ರ ಶ್ರಾವಣದಲ್ಲಿ ತೀರಿಕೊಂಡಳು. ಈಗ ವರ್ಷದ ಪುಣ್ಯಸ್ಮರಣೆ ಬಂತು. ಓಣಿಯವರು ಒಂದು ಸಣ್ಣ ಪುಸ್ತಕ ಮಾಡೋಣ ಅಂತಿದ್ದಾರೆ. ಹದಿನಾರು ಪುಟ, ಒಂದೆರಡು ಫೋಟೊ, ಅಷ್ಟೇ. ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಮೊದಲ ಸಾಲಿಗೇ ನಿಂತುಬಿಟ್ಟಿದ್ದೇನೆ. ಅವ್ವ ಹುಟ್ಟಿದ್ದು ಯಾವಾಗ?

ಆಧಾರ್‌ನಲ್ಲಿ 01-01-1943 ಇದೆ. ತೀರಿಕೊಂಡಾಗ ಬ್ಯಾನರ್‌ನಲ್ಲಿ ಅದನ್ನೇ ನೋಡಿ 82 ಅಂತ ಹಾಕಿಸಿದೆವು. ಹಳೆಯ ರೇಷನ್ ಕಾರ್ಡ್ ಲೆಕ್ಕ ಹಿಡಿದರೆ 78. ಆದರೆ ಅವ್ವ ಯಾವಾಗಲೂ ಹೇಳುತ್ತಿದ್ದ ಮಾತು ಬೇರೆ: 'ರಜಾಕಾರರ ಗದ್ದಲದಾಗ ತಮ್ಮನ್ನ ಟೊಂಕದ ಮ್ಯಾಲ ಹೊತಗೊಂಡು ಮುಂಡರಗಿಗೆ ಓಡಿ ಹೋಗೀನಿ.' ರಜಾಕಾರರು ಅಂದರೆ ಹೈದರಾಬಾದ್ ನಿಜಾಮನ ಪರ ಇದ್ದ ಖಾಸಗಿ ಪಡೆ. ಅದು 1948ರ ಸೆಪ್ಟೆಂಬರ್. ಐದು ವರ್ಷದ ಹುಡುಗಿ ಕೂಸನ್ನು ಹೊತ್ತು ಅಷ್ಟು ದೂರ ನಡೆಯುತ್ತಾಳಾ? ಯಾರಿಗಾದರೂ ಲೆಕ್ಕ ಹಾಕುವ ದಾರಿ ಗೊತ್ತಿದ್ದರೆ ಹೇಳಿ.

ಅವ್ವ ಏನು ಮಾಡುತ್ತಿದ್ದಳು ಅಂತ ಕೇಳಿದರೆ, ಸಂಬಳ ಬರುವ ಕೆಲಸ ಒಂದೂ ಇರಲಿಲ್ಲ. ಹೆರಿಗೆ ಮಾಡಿಸುತ್ತಿದ್ದಳು. ಜಾತ್ರೆಗೆ ಓಣಿಯ ಹೆಂಗಸರನ್ನು ಕೂಡಿಸಿ ರೊಟ್ಟಿ ಮಾಡಿಸುತ್ತಿದ್ದಳು. ಪೋಲಿಯೊ ಹನಿ ಹಾಕುವ ದಿನ ಮನೆಮನೆ ತಿರುಗಿ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದಳು. ಯಾವ ರಿಜಿಸ್ಟರ್‌ನಲ್ಲೂ ಅವಳ ಹೆಸರಿಲ್ಲ.

ಗಂಗಾವತಿ ಭತ್ತ
ಜನವರಿ ಒಂದನೇ ತಾರೀಖು ಹುಟ್ಟಿದ್ದೆಲ್ಲ ಸುಳ್ಳು ಅಂತ ಇಟ್ಟುಕೊಳ್ಳಿ. ವರ್ಷ ಮಾತ್ರ ಹೇಳಿದರೆ ಕಂಪ್ಯೂಟರ್‌ನವರು ತಾರೀಖು ಹಾಗೇ ತುಂಬುತ್ತಾರೆ. ಆ ವರ್ಷವೂ ಅಂದಾಜೇ.

ಜೂನ್ ಒಂದು
ಜನವರಿ ಒಂದು ಓದದವರದ್ದು. ಓದಿದವರದ್ದು ಜೂನ್ ಒಂದು! ಹೆಡ್‌ಮಾಸ್ತರ್ ಕೂಸಿನ ಕೈಯನ್ನು ತಲೆ ಮೇಲಿಂದ ತಂದು ಕಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ ಅಂತ 1-6 ಬರೆದುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ನಾನು, ನನ್ನ ಅಣ್ಣ, ನನ್ನ ಹೆಂಡತಿ, ಮಾವ, ಎಲ್ಲರೂ ಜೂನ್ ಒಂದೇ. ಒಂದೇ ಕೇಕು, ಖರ್ಚು ಕಮ್ಮಿ.

ಕೋಟೆಕಲ್ಲು
ಎರೆಹೊಲ ಅವರೇ, ಒಂದು ತಿದ್ದುಪಡಿ. ಸೆಪ್ಟೆಂಬರ್‌ನಲ್ಲಿ ಜನ ಓಡಿ ಹೋಗಿದ್ದಲ್ಲ, ವಾಪಸ್ ಬಂದಿದ್ದು. ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿದ್ದು 1948ರ ಸೆಪ್ಟೆಂಬರ್ 13ಕ್ಕೆ. 17ಕ್ಕೆ ನಿಜಾಮ ಶರಣಾದ. ಅದಕ್ಕೇ ನಾವು 17ಕ್ಕೆ ವಿಮೋಚನಾ ದಿನ ಅಂತ ಧ್ವಜ ಹಾರಿಸುತ್ತೇವೆ. ರಜಾಕಾರರ ಹಾವಳಿ ಅದಕ್ಕಿಂತ ಎಷ್ಟೋ ತಿಂಗಳು ಮೊದಲಿನದು. ಕೊಪ್ಪಳ ಸೀಮೆಯ ಜನ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಹೋಗಿ ಕುಳಿತಿದ್ದರು. ಅದು ಆಗ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ನಿಮ್ಮ ಅಳವಂಡಿಯ ಶಿವಮೂರ್ತಿ ಸ್ವಾಮಿಗಳೇ ಮುಂಡರಗಿ ಶಿಬಿರದ ಮುಂದಾಳು. ಇದನ್ನು ಪುಸ್ತಕದಲ್ಲಿ ತಪ್ಪಾಗಿ ಹಾಕಬೇಡಿ, ಊರ ಹಿರಿಯರು ಬಿಡುವುದಿಲ್ಲ.

ಅವ್ವ ಯಾವ ಕಾಲದಲ್ಲಿ ಓಡಿದ್ದು ಅಂತ ಹೇಳಿದ್ದರಾ? ಮಳೆ, ಬಿಸಿಲು, ಸುಗ್ಗಿ, ಏನಾದರೂ?

ಎರೆಹೊಲ
ಹೌದು ನೋಡಿ, ಅದನ್ನು ಮರೆತೇ ಇದ್ದೆ. 'ಜ್ವಾಳ ಕೊಯ್ಯಾಕ ಬಂದಿತ್ತು, ಹಂಗ ಬಿಟ್ಟು ಹೋದ್ವಿ, ಹಕ್ಕಿ ತಿಂದು ಹೋತು' ಅಂತಿದ್ದಳು. ಹಿಂಗಾರಿ ಜೋಳ ಅಂದರೆ ಫೆಬ್ರವರಿ ಹೊತ್ತು. ಸೆಪ್ಟೆಂಬರ್ ಅಂತ ನಾನೇ ಸೇರಿಸಿದ್ದು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಇನ್ನೊಂದು ನೆನಪಾಯಿತು. ಮುಂಡರಗಿಯಲ್ಲಿ ಅವರ ಅಪ್ಪನ ದುಡ್ಡನ್ನು ಅಂಗಡಿಯವನು ತೆಗೆದುಕೊಳ್ಳಲಿಲ್ಲವಂತೆ. 'ಕಲ್ದಾರ ತಾ' ಅಂದನಂತೆ.

ಕೋಟೆಕಲ್ಲು
ವಾಹ್! ಇದನ್ನು ಖಂಡಿತ ಬರೆಯಿರಿ. ನಿಜಾಮನ ರಾಜ್ಯದ ರೂಪಾಯಿಯೇ ಬೇರೆ, ಅದು ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ನಮ್ಮ ಕಡೆ ಕಲ್ದಾರ ಅನ್ನುತ್ತಿದ್ದರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ, ಹೆಚ್ಚುಕಡಿಮೆ ಆ ಲೆಕ್ಕ. ನಡೆದು ಹೋಗುವಷ್ಟು ದೂರದ ಊರಿಗೆ ಹೋದರೆ ದುಡ್ಡೇ ನಡೆಯುತ್ತಿರಲಿಲ್ಲ.

ಸುಮ್ನೆ ಓದುಗ
ಕೊಪ್ಪಳ ನಿಜಾಮನದಲ್ಲ, ಅವನ ದಿವಾನರ ಮನೆತನದ ಸಾಲಾರ್ ಜಂಗನ ಜಹಗೀರು.

ಕೋಟೆಕಲ್ಲು
ಜಹಗೀರು ಸಾಲಾರ್ ಜಂಗನದು, ಸರಿ. ಆ ಜಹಗೀರು ಇದ್ದದ್ದು ಯಾರ ರಾಜ್ಯದೊಳಗೆ? ಇಬ್ಬರೂ ಸರಿ ಅಂತ ಬಿಟ್ಟುಬಿಡೋಣ.

ಪಂಚಾಂಗದ ಮೊಮ್ಮಗ
ಸಂವತ್ಸರದ ಹೆಸರು ಏನಾದರೂ ಮನೆಯಲ್ಲಿ ಹೇಳುತ್ತಿದ್ದರಾ? ಹಳಬರಿಗೆ ಇಸವಿ ಗೊತ್ತಿರುವುದಿಲ್ಲ. ಸಂವತ್ಸರ ಮಾತ್ರ ಮರೆಯುವುದಿಲ್ಲ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ ತಪ್ಪುವ ಪ್ರಶ್ನೆಯೇ ಇಲ್ಲ. ತಪ್ಪಿದರೆ ಒಂದೇ ಸಲಕ್ಕೆ 60 ವರ್ಷ ತಪ್ಪಬೇಕು.

ಎರೆಹೊಲ
ನಮ್ಮ ದೊಡ್ಡ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೂ ಕಿವಿ ಮಂದ. ಹತ್ತು ಸಲ ಕೂಗಿದ ಮೇಲೆ ಹೇಳಿದರು: 'ನಿಮ್ಮವ್ವ ಧಾತು ಸಂವತ್ಸರದಾಕಿ. ಹೋಳಿ ಹುಣ್ಣಿಮಿ ಮರುದಿನ, ಓಣ್ಯಾಗ ಬಣ್ಣ ಆಡೋ ಹೊತ್ತಿನಾಗ ಹುಟ್ಟ್ಯಾಳಂತ. ನಿಮ್ಮಜ್ಜಿನ ಹೇಳತಿದ್ಲು.' ಇಷ್ಟು ದಿನ ಇವರನ್ನು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ!

ಗಂಗಾವತಿ ಭತ್ತ
ಧಾತು ಅಂದರೆ 1936. ಹಾಗಾದರೆ 89. ಮುಗೀತು.

ಪಂಚಾಂಗದ ಮೊಮ್ಮಗ
ಮುಗಿದಿಲ್ಲ, ತಡೆಯಿರಿ. ಧಾತು ಶುರುವಾಗಿದ್ದು 1936ರ ಯುಗಾದಿಗೆ. ಮುಗಿದಿದ್ದು 1937ರ ಯುಗಾದಿಗೆ. ಹೋಳಿ ಹುಣ್ಣಿಮೆ ಬರುವುದು ವರ್ಷದ ಕೊನೆಯಲ್ಲಿ, ಯುಗಾದಿಗೆ ಹದಿನೈದು ದಿನ ಮೊದಲು. ಹಾಗಾಗಿ ಅವರು ಹುಟ್ಟಿದ್ದು 1937ರ ಮಾರ್ಚ್ ಕೊನೆಗೆ. 2025ರ ಶ್ರಾವಣಕ್ಕೆ 88 ತುಂಬಿ 89 ನಡೆಯುತ್ತಿತ್ತು. 1948ರ ಸುಗ್ಗಿಯಲ್ಲಿ 11ಕ್ಕೆ ಒಂದು ತಿಂಗಳು ಕಮ್ಮಿ. ತಮ್ಮನನ್ನು ಟೊಂಕದ ಮೇಲೆ ಹೊರುವ ವಯಸ್ಸೇ. ಎಲ್ಲಾ ಕೂಡಿ ಬರುತ್ತದೆ ಅಲ್ವಾ?

ಗಂಗಾವತಿ ಭತ್ತ
ಸೋತೆ ಗುರುವೇ.

ಬೆಳಗಿನ ಪಾಳಿ
ನಾನು ನರ್ಸ್, ಇಪ್ಪತ್ತೆರಡು ವರ್ಷದ ಸರ್ವಿಸ್. ನಿಮ್ಮ ಅವ್ವನ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು. ಸೂಲಗಿತ್ತಿಯರ ಬಗ್ಗೆ ಬರೆಯುವಾಗ ಎಲ್ಲರೂ 'ಒಂದು ಜೀವವೂ ಹೋಗಲಿಲ್ಲ' ಅಂತ ಬರೆಯುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಹೆರಿಗೆಯ ನಂತರ ರಕ್ತ ಹರಿಯತೊಡಗಿದರೆ ಮನೆಯಲ್ಲಿ ಯಾರ ಕೈಗುಣವೂ ನಡೆಯುವುದಿಲ್ಲ. ಹೊಕ್ಕುಳು ಕೊಯ್ದ ಕುಡುಗೋಲಿನಿಂದ ಧನುರ್ವಾಯು ಬಂದು ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಸುಮ್ಮನೆ ಅಲ್ಲ, 2005ರ ನಂತರ ಜನನಿ ಸುರಕ್ಷಾ ಅಂತ ದುಡ್ಡು ಕೊಟ್ಟು ಆಸ್ಪತ್ರೆಗೆ ಕರೆದಿದ್ದು.

ಸುಮ್ನೆ ಓದುಗ
ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಸುಮ್ನೆ ಕೊಟ್ಟರಾ ಹಾಗಾದರೆ?

ಬೆಳಗಿನ ಪಾಳಿ
ಅವರಿಗೆ ಕೊಟ್ಟಿದ್ದು ಸರಿಯೇ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಅವರೇ ಆಸ್ಪತ್ರೆ. ನಾನು ಹೇಳಿದ್ದು ಬರೆಯುವ ರೀತಿಯ ಬಗ್ಗೆ. ಸತ್ತವರನ್ನು ಬಿಟ್ಟು ಬರೆದರೆ ಆ ಹೆಂಗಸು ಪಟ್ಟ ಕಷ್ಟವೂ ಬಿಟ್ಟುಹೋಗುತ್ತದೆ.

ಎರೆಹೊಲ
ಸಿಸ್ಟರ್, ನಿಮ್ಮ ಮಾತು ಸರಿ. ಅವ್ವನ ಕೈಯಲ್ಲೂ ಹೋಗಿದ್ದಾರೆ. ಒಬ್ಬಳು ತಾಯಿ ನಮ್ಮ ಪಕ್ಕದ ಓಣಿಯವಳೇ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಅವ್ವ ಮೂರು ದಿನ ಯಾರ ಜೊತೆಯೂ ಮಾತಾಡಲಿಲ್ಲ. ನಾಲ್ಕನೇ ದಿನ ಎದ್ದು ಟ್ರ್ಯಾಕ್ಟರ್ ಇದ್ದವರ ಮನೆಗೆ ಹೋಗಿ ಜಗಳ ತೆಗೆದಳು. ಯಾವಾಗ ಕರೆದರೂ ಗಾಡಿ ಕಟ್ಟಬೇಕು, ಡೀಸೆಲ್ ದುಡ್ಡು ಓಣಿಯವರು ಕೊಡುತ್ತಾರೆ ಅಂತ ಮಾತು ತೆಗೆದುಕೊಂಡಳು. ಆಮೇಲೆ ಚೊಚ್ಚಲು ಹೆರಿಗೆ, ಕಾಲು ಬಾತವರು, ಅಡ್ಡ ಕೂಸು ಅನ್ನಿಸಿದವರು, ಎಲ್ಲರನ್ನೂ ಕೊಪ್ಪಳಕ್ಕೆ ಸಾಗಿಸುತ್ತಿದ್ದಳು. ತಾನೂ ಟ್ರೇಲರ್‌ನಲ್ಲಿ ಹುಲ್ಲಿನ ಮೇಲೆ ಕುಳಿತು ಹೋಗುತ್ತಿದ್ದಳು.

ಲೆಕ್ಕದ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಪಡಸಾಲೆಯ ಬಾಗಿಲ ಹಿಂದೆ ಅವ್ವ ಪ್ರತಿ ಹೆರಿಗೆಗೆ ಒಂದು ಗೆರೆ ಎಳೆಯುತ್ತಿದ್ದಳು. ಬದುಕಿದ್ದಕ್ಕೆ ನೆಟ್ಟಗೆ, ಹೋಗಿದ್ದಕ್ಕೆ ಅಡ್ಡ. ಹತ್ತು ವರ್ಷದ ಹಿಂದೆ ತಂಗಿಯ ಮಗನ ಮದುವೆಗೆ ಅಂತ ಮನೆಗೆ ಬಣ್ಣ ಹೊಡೆಸಿದೆವು. ಬಾಗಿಲಿಗೂ ಹೊಡೆಸಿದೆ. ಹಸಿರು ಪೇಂಟ್. ಸಂಜೆ ಬಂದು ನೋಡಿದ ಅವ್ವ ಏನೂ ಅನ್ನಲಿಲ್ಲ. 'ಚಲೋ ಕಾಣತೈತಿ' ಅಂದಳು. ಈಗ ಅದು ನೆನಪಾದರೆ ನಿದ್ದೆ ಬರುವುದಿಲ್ಲ.

ಚಿಕ್ಕವಳು
ಅಣ್ಣಾ, ನಾನೇ. ಲಿಂಕ್ ಕಳಿಸಿದ್ದಿಯಲ್ಲ, ಎಲ್ಲಾ ಓದಿದೆ. ಎಲ್ಲರೂ ಅವ್ವನನ್ನು ದೇವರು ಮಾಡುವ ಮೊದಲು ನಾನೂ ಒಂದು ಹೇಳುತ್ತೇನೆ. ಊರಿಗೆಲ್ಲ ಬಿಸಿನೀರು ಕಾಯಿಸಿದವಳು ನನ್ನ ಹೆರಿಗೆಗೆ ಬರಲಿಲ್ಲ. ಜಾತ್ರೆಯ ರೊಟ್ಟಿ ಇತ್ತು. 'ಅಲ್ಲಿ ನಿಮ್ಮತ್ತಿ ಅದಾಳ, ದವಾಖಾನಿ ಐತಿ, ಇಲ್ಲಿ ಯಾರದಾರ' ಅಂದಳು. ನಾವು ಸಣ್ಣವರಿದ್ದಾಗ ಎಷ್ಟು ರಾತ್ರಿ ತಣ್ಣನೆಯ ರೊಟ್ಟಿಗೆ ಬರೀ ಖಾರಪುಡಿ ಎಣ್ಣೆ ಹಚ್ಚಿಕೊಂಡು ತಿಂದು ಮಲಗಿದ್ದೇವೆ, ನಿನಗೆ ನೆನಪಿಲ್ಲವಾ? ನೀನು ಗಂಡುಮಗ, ತಿಂದು ಮಲಗುತ್ತಿದ್ದೆ. ಅಡುಗೆಮನೆ ನನ್ನ ಪಾಲಿಗೆ ಬರುತ್ತಿತ್ತು. ಹತ್ತನೇ ವರ್ಷಕ್ಕೆ ರೊಟ್ಟಿ ಬಡಿಯಲು ಕಲಿತಿದ್ದು ಹೀಗೆ. ಇದನ್ನೂ ಪುಸ್ತಕದಲ್ಲಿ ಹಾಕು.

ಎರೆಹೊಲ
ಹಾಕುತ್ತೇನೆ. ನೀನೇ ಬರೆದುಕೊಡು.

ಚಿಕ್ಕವಳು
ಬರೆಯುತ್ತೇನೆ. ನೀನು ತಿದ್ದಬಾರದು.

ಕುಷ್ಟಗಿ ಬಸ್
ಅಕ್ಕಾ, ನಮ್ಮ ಅಮ್ಮನೂ ಇದೇ ಜಾತಿ. ಊರವರ ಬಾಯಲ್ಲಿ ಹೊಗಳಿಕೆ ಕೇಳುವಾಗ ಹೆಮ್ಮೆ, ಮನೆಗೆ ಬಂದರೆ ಒಲೆ ತಣ್ಣಗೆ.

ರೊಟ್ಟಿ ಬುಟ್ಟಿ
ಜಾತ್ರೆ ಅಂದರೆ ಕೊಪ್ಪಳದ ಗವಿಸಿದ್ಧೇಶ್ವರ ಮಠದ ಜಾತ್ರೆಯೇ ತಾನೇ? ನಮ್ಮೂರಿನಿಂದಲೂ ಪ್ರತಿ ಜನವರಿ ಟ್ರ್ಯಾಕ್ಟರ್ ತುಂಬ ರೊಟ್ಟಿ ಹೋಗುತ್ತದೆ. ಹೊರಗಿನವರಿಗೆ ನಂಬಿಕೆ ಬರುವುದಿಲ್ಲ. ಲಕ್ಷಗಟ್ಟಲೆ ರೊಟ್ಟಿ ಹಳ್ಳಿಯ ಮನೆಗಳಲ್ಲೇ ಬೇಯುತ್ತದೆ. ಮಠದಲ್ಲಿ ಬೇಯುವುದು ಅನ್ನ, ಸಾರು, ಪಲ್ಯ. ಜೊತೆಗೆ ಮಾದಲಿ ಅನ್ನುವ ಸಿಹಿ. ಎರೆಹೊಲ ಅವರೇ, ನಿಮ್ಮ ಓಣಿಯಲ್ಲಿ ಎಷ್ಟು ಜೋಳ ಹಾಕುತ್ತಿದ್ದರು?

ಎರೆಹೊಲ
ಒಂದು ಕ್ವಿಂಟಲ್. ಜೋಳ ಮನೆಮನೆಯಿಂದ ಸೇರಿನ ಲೆಕ್ಕದಲ್ಲಿ ಬರುತ್ತಿತ್ತು. ಅವ್ವ ಬಾಗಿಲಲ್ಲಿ ಕುಳಿತು ಅಳೆಯುತ್ತಿದ್ದಳು. ಹುಳ ಬಿದ್ದ ಜೋಳ ಕೊಟ್ಟವರಿಗೆ ಅಲ್ಲೇ ವಾಪಸ್! 'ಅಜ್ಜಗ ಕೊಡಾಕ ಹುಳದ ಜ್ವಾಳ ಸಿಕ್ತೇನ' ಅಂತ ಎಲ್ಲರ ಮುಂದೆ ಅಂದುಬಿಡುತ್ತಿದ್ದಳು. ಅಜ್ಜ ಅಂದರೆ ಗವಿಮಠದ ಅಜ್ಜ. ಈ ಬಾಯಿಂದಾಗಿ ಅರ್ಧ ಓಣಿ ಅವಳಿಗೆ ಹೆದರುತ್ತಿತ್ತು. ಇನ್ನರ್ಧ ಮಾತು ಬಿಟ್ಟಿತ್ತು. ಆದರೆ ರೊಟ್ಟಿ ಬಡಿಯುವ ದಿನ ಎಲ್ಲರೂ ಬರುತ್ತಿದ್ದರು.

ಖಟಕ್ ರೊಟ್ಟಿ
ಕ್ವಿಂಟಲ್‌ಗೆ ಎಷ್ಟು ರೊಟ್ಟಿ ಆಗುತ್ತದೆ? ನಮ್ಮ ಮನೆಯಲ್ಲಿ ಕಿಲೋಗೆ ಹದಿನೈದು.

ರೊಟ್ಟಿ ಬುಟ್ಟಿ
ಹದಿನೈದು ಅಂದರೆ ಅದು ಹಪ್ಪಳ. ಹನ್ನೆರಡು ಸರಿ.

ಖಟಕ್ ರೊಟ್ಟಿ
ಜಾತ್ರೆಗೆ ಒಣಗಿಸಿ ಕೊಡುವುದು ಖಟಕ್ ರೊಟ್ಟಿ. ತೆಳ್ಳಗೇ ಬಡಿಯಬೇಕು. ದಪ್ಪ ಬಡಿದರೆ ನಡುವೆ ಹಸಿ ಉಳಿದು ಬೂಸ್ಟು ಹಿಡಿಯುತ್ತದೆ. ಹಪ್ಪಳ ಅಂತೆ! ಒಮ್ಮೆ ಬಂದು ನೋಡಿ.

ಸುಮ್ನೆ ಓದುಗ
ಈಗ ರೊಟ್ಟಿ ಮಷಿನ್ ಬಂದಿದೆ.

ರೊಟ್ಟಿ ಬುಟ್ಟಿ
ಮಷಿನ್ ಸುದ್ದಿ ತೆಗೆದವರಿಗೆ ಎರಡು ದಿನ ಮಾತಾಡಲು ಅವಕಾಶ ಇಲ್ಲ.

ಲಾಟೀನು
ವಿಷಯಕ್ಕೆ ಬರುತ್ತೇನೆ. 90ರ ದಶಕದಲ್ಲಿ ಸಾಕ್ಷರತಾ ಆಂದೋಲನದಲ್ಲಿ ನಾನು ಸ್ವಯಂಸೇವಕ. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗೇ ಇತ್ತು. ಬೇರೆಯಾಗಿದ್ದು 1997ರ ಆಗಸ್ಟ್‌ನಲ್ಲಿ. ನಿಮ್ಮ ಕಡೆಯ ಮೂರು ಊರುಗಳಲ್ಲಿ ರಾತ್ರಿ ಶಾಲೆ ನಡೆಸಿದ್ದೇನೆ. ಎರೆಹೊಲ ಅವರೇ, ನಿಮ್ಮ ಅವ್ವ ಕಿವಿಯಲ್ಲಿ ಬುಗುಡಿ ಹಾಕುತ್ತಿದ್ದರಾ? ಹಣೆಯಲ್ಲಿ ಹಚ್ಚೆ ಇತ್ತಾ? ದ್ಯಾಮವ್ವನ ಗುಡಿ ಕಟ್ಟೆಗೆ ಎಲ್ಲರಿಗಿಂತ ಮೊದಲು ಬಂದು ಲಾಟೀನಿನ ಗಾಜು ಒರೆಸುತ್ತಿದ್ದ ಒಬ್ಬರಿದ್ದರು. ಅವರೇ ಇರಬೇಕು ಅನ್ನಿಸುತ್ತಿದೆ.

ಎರೆಹೊಲ
ಬುಗುಡಿ, ಹಚ್ಚೆ ಎರಡೂ ಇದ್ದವು! ಗುಡಿ ಕಟ್ಟೆಯೂ ಹೌದು. ಸರ್, ನೀವು ಸೈಕಲ್ ಮೇಲೆ ಬರುತ್ತಿದ್ದ ಮಾಸ್ತರಾ?

ಲಾಟೀನು
ಅದೇ ಸೈಕಲ್. ಪಂಕ್ಚರ್ ಆದ ದಿನ ನಿಮ್ಮ ಮನೆಯ ಪಡಸಾಲೆಯಲ್ಲೇ ಮಲಗಿದ್ದೇನೆ. ಪುಂಡಿಪಲ್ಯ, ರೊಟ್ಟಿ, ಮೇಲೆ ಗುರೆಳ್ಳು ಚಟ್ನಿ.

ಐವತ್ತು ದಾಟಿದವರಿಗೆ ಅಕ್ಷರ ಕಲಿಸುವುದು ಸುಲಭ ಅಲ್ಲ. ಬಳಪ ಹಿಡಿದರೆ ಬೆರಳು ಬಾಗುತ್ತಿರಲಿಲ್ಲ, ಜೋಳ ಕೊಯ್ದ ಕೈ. ನಾನು 'ಅ' ಇಂದ ಶುರು ಮಾಡಿದರೆ ನಿಮ್ಮ ಅವ್ವ ಒಪ್ಪಲಿಲ್ಲ. 'ಅ ತಗೊಂಡು ಏನ ಮಾಡ್ಲಿ? ಮೊದಲ ಸೀಮೆಎಣ್ಣಿ ಅಂತ ಬರಿಯೋದ ಕಲಸು' ಅಂದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ನ್ಯಾಯಬೆಲೆ ಅಂಗಡಿಯ ಬೋರ್ಡ್‌ನಲ್ಲಿ ಎಷ್ಟು ಲೀಟರ್ ಬರೆದಿದೆ ಅಂತ ಓದಬೇಕಿತ್ತು. ಓದಿದರು. ಕೊಡುತ್ತಿದ್ದುದಕ್ಕೂ ಬರೆದಿದ್ದಕ್ಕೂ ತಾಳೆ ಬರಲಿಲ್ಲ. ಮರುದಿನ ಹದಿನಾಲ್ಕು ಹೆಂಗಸರು ಕ್ಯಾನ್ ಹಿಡಿದು ಅಂಗಡಿ ಮುಂದೆ ಕುಳಿತರು. ನನಗೇ ಭಯ ಆಗಿತ್ತು, ಮಾಸ್ತರ್ ಹಚ್ಚಿಕೊಟ್ಟ ಅಂತ ನನ್ನ ಮೇಲೆ ಬರುತ್ತದೆ ಅಂತ. ಆ ತಿಂಗಳಿಂದ ಸೀಮೆಎಣ್ಣೆ ಸರಿಯಾಗಿ ಬಂತು. ನಮ್ಮ ಇಡೀ ಆಂದೋಲನದ ಭಾಷಣಗಳಲ್ಲಿ ಯಾವುದೂ ಇಷ್ಟು ಕೆಲಸ ಮಾಡಿರಲಿಲ್ಲ.

ಚಿಕ್ಕವಳು
ಇದು ನನಗೂ ಗೊತ್ತಿರಲಿಲ್ಲ ಸರ್. ಆಗ ನಾನು ಗಂಡನ ಮನೆಯಲ್ಲಿದ್ದೆ. ಓದಿ ಅಳು ಬಂತು, ನಗುವೂ ಬಂತು.

ಕುಷ್ಟಗಿ ಬಸ್
ಸೀಮೆಎಣ್ಣೆಯಿಂದ ಅಕ್ಷರಾಭ್ಯಾಸ! ಸೀ ಬರೆಯುವುದು ಅ ಬರೆಯುವುದಕ್ಕಿಂತ ಕಷ್ಟ ಅಲ್ವಾ?

ಲಾಟೀನು
ಕಷ್ಟವೇ. ಎಂಟು ದಿನ ಹಿಡಿಯಿತು. ಬಿಡಲಿಲ್ಲ.

ಹೊಸಪೇಟೆ ಹೊಳೆ
ಒಂದು ಸಲಹೆ. ಪ್ರಶಸ್ತಿ ಬಂದವರನ್ನು ಮಾತ್ರ ನೆನೆಯುತ್ತೇವೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96 ಅಂತ ಪತ್ರಿಕೆಗಳಲ್ಲಿ ಬಂತು. ಅದಕ್ಕೂ ಮೊದಲು ಪಕ್ಕದ ತಾಲೂಕಿನಲ್ಲಿ ಎಷ್ಟು ಜನಕ್ಕೆ ಅವರ ತೊಗಲುಗೊಂಬೆ ಗೊತ್ತಿತ್ತು? ಎರೆಹೊಲ ಅವರ ಅವ್ವನ ಹೆಸರಿಗೂ ಒಂದು ಅರ್ಜಿ ಹಾಕೋಣ.

ಎರೆಹೊಲ
ಬೇಡ ಅಣ್ಣಾ. ತೀರಿಕೊಂಡವರಿಗೆ ಅರ್ಜಿ ಹಾಕಿದರೆ ಮೊದಲು ಕೇಳುವುದೇ ಜನ್ಮ ದಿನಾಂಕದ ದಾಖಲೆ. ಮತ್ತೆ ಅದೇ ಆಧಾರ್.

ಬಡಿಗೇರ ಕೈ
ಎಲ್ಲಾ ಓದಿದೆ. ಯಾರೂ ಕೇಳದೇ ಇರುವ ಪ್ರಶ್ನೆ ಒಂದಿದೆ. ಬಾಗಿಲ ಮೇಲಿನ ಗೆರೆ ಯಾವುದರಿಂದ ಎಳೆದಿದ್ದು? ಸುಣ್ಣವಾ, ಇದ್ದಿಲಾ, ಕೆಮ್ಮಣ್ಣಾ?

ಎರೆಹೊಲ
ಕುಡುಗೋಲಿನ ತುದಿಯಿಂದ ಗೀರುತ್ತಿದ್ದಳು. ಯಾಕೆ?

ಬಡಿಗೇರ ಕೈ
ಹಾಗಿದ್ದರೆ ಹೋಗಿಲ್ಲ ರೀ! ನಾವು ಹಳೆಯ ಬಾಗಿಲು ದಿನಾ ನೋಡುತ್ತೇವೆ. ಬಣ್ಣ ಹೊಡೆಯುವವನು ಪುಟ್ಟಿ ತುಂಬಿರದಿದ್ದರೆ ಗೀರು ಹಾಗೇ ಇರುತ್ತದೆ. ಪೇಂಟ್ ಮೇಲೆ ಕುಳಿತಿರುತ್ತದೆ ಅಷ್ಟೇ. ಕೆರೆಯಲು ಹೋಗಬೇಡಿ, ಮರಳು ಕಾಗದ ಮುಟ್ಟಿಸಲೇಬೇಡಿ. ರಾತ್ರಿ ಲೈಟ್ ಆರಿಸಿ. ಮೊಬೈಲ್ ಟಾರ್ಚನ್ನು ಬಾಗಿಲಿಗೆ ತಾಗಿಸಿದ ಹಾಗೆ ಅಡ್ಡ ಹಿಡಿಯಿರಿ. ಎದುರಿಂದ ಅಲ್ಲ, ಪಕ್ಕದಿಂದ. ಗೀರಿನ ನೆರಳು ಬೀಳುತ್ತದೆ.

ಪಂಚಾಂಗದ ಮೊಮ್ಮಗ
ಈಗಲೇ ಹೋಗಿ ನೋಡಿ, ನಾವು ಕಾಯುತ್ತೇವೆ.

ಎರೆಹೊಲ
ಕೆಲಸಕ್ಕೆ ಅಂತ ಗಂಗಾವತಿಯಲ್ಲಿದ್ದೇನೆ. ಶನಿವಾರ ಊರಿಗೆ ಹೋಗುತ್ತೇನೆ.

ಗಂಗಾವತಿ ಭತ್ತ
ಇಲ್ಲೇ ಇದ್ದೀರಾ? ಚಹಾ ಕುಡಿಯಲು ಬನ್ನಿ ಮಾರಾಯರೇ.

ಎರೆಹೊಲ
ಶನಿವಾರ ರಾತ್ರಿ, ಹನ್ನೊಂದೂವರೆ. ತಂಗಿಯೂ ಬಂದಿದ್ದಾಳೆ. ಇದ್ದಾವೆ. ಗೆರೆಗಳು ಇದ್ದಾವೆ.

ಮೊದಲು ಏನೂ ಕಾಣಲಿಲ್ಲ. ತಂಗಿ ಟಾರ್ಚನ್ನು ಚೌಕಟ್ಟಿಗೆ ಒತ್ತಿ ಹಿಡಿದಳು. ಹಸಿರು ಬಣ್ಣದ ಕೆಳಗಿನಿಂದ ಸಾಲುಸಾಲು ನೆರಳು ಎದ್ದವು. ಮೊಣಕಾಲಿನಿಂದ ಶುರುವಾಗಿ ನಮ್ಮ ಎದೆಯ ಮಟ್ಟಕ್ಕೆ ಬರುತ್ತವೆ. ಕೂತು ಗೀರಿದ್ದು ಕೆಳಗೆ, ನಿಂತು ಗೀರಿದ್ದು ಮೇಲೆ. ನಾನು ಎಣಿಸಿದಾಗ 117. ತಂಗಿ ಎಣಿಸಿದಾಗ 121. ಅಡ್ಡ ಗೆರೆ ಒಂಬತ್ತು, ಅದರಲ್ಲಿ ಇಬ್ಬರಿಗೂ ಒಂದೇ ಲೆಕ್ಕ ಬಂತು.

ಮೂಲೆಯಲ್ಲಿ ಬೇರೆಯಾಗಿ ಮೂರು ಗೆರೆ ಇವೆ. ಎರಡು ನೆಟ್ಟಗೆ, ಒಂದು ಅಡ್ಡ. ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವು ನಾವು. ನನಗೂ ತಂಗಿಗೂ ನಡುವೆ ಇನ್ನೊಂದು ಕೂಸು ಇತ್ತು ಅಂತ ಯಾರೂ ಹೇಳಿರಲಿಲ್ಲ.

ಬೆಳಗಿನ ಪಾಳಿ
ಫೋಟೊ ತೆಗೆದಿಡಿ. ಈಗಲೇ.

ಚಿಕ್ಕವಳು
ತೆಗೆದಿದ್ದೇವೆ ಸಿಸ್ಟರ್. ಸೋದರತ್ತೆಯನ್ನು ಬೆಳಗ್ಗೆ ಕೇಳುತ್ತೇನೆ. ಗಂಡೋ ಹೆಣ್ಣೋ ಅದಾದರೂ ಗೊತ್ತಾಗಲಿ. ಮತ್ತೆ, ನನ್ನ ಲೆಕ್ಕವೇ ಸರಿ. ಅಣ್ಣ ಚಿಲಕದ ಹಿಂದಿನ ನಾಲ್ಕನ್ನು ಬಿಟ್ಟಿದ್ದಾನೆ.

ಎರೆಹೊಲ
ಚಿಲಕದ ಹಿಂದಿನದು ಗೀರಲ್ಲ, ಚಿಲಕ ತಾಗಿದ ಕಲೆ.

ಬಡಿಗೇರ ಕೈ
ಚಿಲಕದ ಕಲೆ ದುಂಡಗೆ ಬರುತ್ತದೆ, ಉದ್ದ ಬರುವುದಿಲ್ಲ. ತಂಗಿಯ ಲೆಕ್ಕ ಸರಿ ಇರಬಹುದು. ನಾನು ಯಲಬುರ್ಗಾದವನು, ಬರುವ ವಾರ ಆ ಕಡೆ ಕೆಲಸ ಇದೆ. ಬೇಕಾದರೆ ಬಂದು ನೋಡುತ್ತೇನೆ, ದುಡ್ಡು ಬೇಡ.

ರೊಟ್ಟಿ ಬುಟ್ಟಿ
ಬರುವವರಿಗೆ ಊಟ ಇದೆಯಾ?

ಚಿಕ್ಕವಳು
ಇದೆ. ಕಿಲೋಗೆ ಹನ್ನೆರಡರ ಲೆಕ್ಕದ್ದು.